ಕೊಡಗಿನ ಪ್ಲಂಬರ್ ಹೊರದೇಶಕ್ಕೆ ಹೊರಟರೆ: ವೀಸಾ ಬೇರೆ, ಲೈಸೆನ್ಸ್ ಬೇರೆ

ಗೋಣಿಕೊಪ್ಪ, ಕುಶಾಲನಗರ, ಸುಂಟಿಕೊಪ್ಪದ ಕಡೆ ಪ್ಲಂಬಿಂಗ್ ಕೆಲಸ ಮಾಡುವ ಹುಡುಗರ ಬಾಯಲ್ಲಿ ಈಗ ಆಸ್ಟ್ರೇಲಿಯಾ, ಕೆನಡಾ ಹೆಸರು ಜಾಸ್ತಿ ಕೇಳಿಬರುತ್ತಿದೆ. ಮೊದಲೆಲ್ಲ ಹೊರದೇಶ ಅಂದರೆ ದುಬೈ, ಸೌದಿ, ಕತಾರ್ ಅಷ್ಟೇ. ಈಗ ಮೊಬೈಲ್‌ನಲ್ಲಿ ಒಂದು ವಿಡಿಯೊ ನೋಡಿದವರು, "ಅಲ್ಲಿ ಪ್ಲಂಬರ್‌ಗೆ ಆಫೀಸಿನವರಿಗಿಂತ ಜಾಸ್ತಿ ಸಂಬಳವಂತೆ, ಹೌದಾ ಅಣ್ಣ?" ಎಂದು ಕೇಳುತ್ತಾರೆ.

ಒಳ್ಳೆ ಸಂಬಳ ಇರುವುದು ನಿಜ. ಆದರೆ ಅದು ಲೈಸೆನ್ಸ್ ಇರುವ ಪ್ಲಂಬರ್‌ಗೆ ಸಿಗುವ ಸಂಬಳ. ಆಸ್ಟ್ರೇಲಿಯಾದಲ್ಲಿ ನಲ್ಲಿಯ ವಾಷರ್ ಬದಲಿಸುವಂಥ ಸಣ್ಣಪುಟ್ಟ ಕೆಲಸ ಬಿಟ್ಟರೆ, ಉಳಿದ ಪೈಪ್ ಕೆಲಸವನ್ನು ಲೈಸೆನ್ಸ್ ಇಲ್ಲದವರು ಮುಟ್ಟುವ ಹಾಗಿಲ್ಲ. ಸ್ವಂತ ಮನೆಯಲ್ಲೂ ಇಲ್ಲ. ನಮ್ಮಲ್ಲಿ ಕೈಯಲ್ಲಿ ಕೆಲಸ ಇದ್ದರೆ ಸಾಕು, ಊರೆಲ್ಲ ಕರೆಯುತ್ತಾರೆ. ಅಲ್ಲಿ ಹಾಗಲ್ಲ.

ಮೊದಲೇ ತಿಳಿದಿರಬೇಕಾದ ವಿಷಯ ಇದು. ವೀಸಾ, ಕೌಶಲ ಪರಿಶೀಲನೆ, ಲೈಸೆನ್ಸ್ ಮೂರೂ ಬೇರೆ ಬೇರೆ. ವೀಸಾ ಕೊಡುವುದು ಆ ದೇಶದ ವಲಸೆ ಇಲಾಖೆ. ನೀವು ನಿಜಕ್ಕೂ ಪ್ಲಂಬರ್ ಹೌದಾ ಎಂದು ನೋಡುವುದು ಇನ್ನೊಂದು ಸಂಸ್ಥೆ. ಅಲ್ಲಿ ಹೋದ ಮೇಲೆ ಪೈಪ್ ಮುಟ್ಟಲು ಅನುಮತಿ ಕೊಡುವುದು ಮೂರನೆಯವರು, ಹೆಚ್ಚಿನ ಕಡೆ ಆಯಾ ರಾಜ್ಯ ಅಥವಾ ಪ್ರಾಂತ್ಯದ ಮಂಡಳಿ. ಒಬ್ಬರು ಹೌದು ಅಂದರು ಎಂದು ಇನ್ನೊಬ್ಬರು ಹೌದು ಅನ್ನಬೇಕೆಂದೇನಿಲ್ಲ. ಏಜೆಂಟರ ಮಾತಿನಲ್ಲಿ ಈ ಮೂರೂ ಸೇರಿ "ಎಲ್ಲ ಆಗುತ್ತೆ" ಎಂಬ ಒಂದೇ ಮಾತಾಗುತ್ತದೆ. ದುಡ್ಡು ಕಳೆದುಕೊಳ್ಳುವುದು ಬಹುತೇಕ ಅಲ್ಲೇ.

ಲೈಸೆನ್ಸ್ ಯಾಕೆ ಇಷ್ಟು ಬಿಗಿ?

ಇದು ಸುಮ್ನೆ ತೊಂದರೆ ಕೊಡಲು ಮಾಡಿದ ನಿಯಮ ಅಂತ ಹಲವರಿಗೆ ಅನಿಸುತ್ತದೆ. ಹಾಗಲ್ಲ. ಕಾರಣ ತಿಳಿದರೆ ಅಲ್ಲಿನ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ಎಂಬುದೂ ಅರ್ಧ ತಿಳಿದ ಹಾಗೆ.

2003ರಲ್ಲಿ ಸಾರ್ಸ್ ರೋಗ ಹಬ್ಬಿದಾಗ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ಬಚ್ಚಲಿನ ನೆಲದ ಟ್ರ್ಯಾಪ್‌ಗಳ ಕಡೆಗೆ. ಟ್ರ್ಯಾಪ್‌ನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು. ಆ ನೀರೇ ಕೊಳಚೆ ಪೈಪಿನ ಗಾಳಿ ಮನೆಯೊಳಗೆ ಬರದಂತೆ ತಡೆಯುವುದು. ಅಲ್ಲಿ ಅನೇಕ ಮನೆಗಳ ಟ್ರ್ಯಾಪ್ ಒಣಗಿತ್ತು. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಕೊಳಚೆ ಪೈಪಿನ ಗಾಳಿ ಹನಿಗಳ ಸಮೇತ ಮೇಲೆ ಎಳೆದುಕೊಂಡು ಬಂತು. ಒಂದು ಟ್ರ್ಯಾಪ್, ಕೊಳಚೆ ಪೈಪಿನ ಗಾಳಿ ಹೊರಗೆ ಬಿಡುವ ಒಂದು ವೆಂಟ್ ಪೈಪ್ ಸರಿ ಇಲ್ಲದಿದ್ದರೆ ಜೀವ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ನಮ್ಮ ಹೋಂಸ್ಟೇಗಳಲ್ಲಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿದ ಕೋಣೆ ತೆರೆದಾಗ ಬಚ್ಚಲಿಂದ ಬರುವ ವಾಸನೆ ಇದೇ ಕಾರಣಕ್ಕೆ.

ಇನ್ನೊಂದು ಕೊಡಗಿನದೇ ಉದಾಹರಣೆ. ಮಳೆಗಾಲಕ್ಕೆ ಮುಂಚೆ ಕಾಫಿಗೂ ಮೆಣಸಿಗೂ ಬೋರ್ಡೊ ದ್ರಾವಣ ಸಿಂಪಡಿಸುತ್ತೇವೆ. ಡ್ರಮ್‌ನಲ್ಲಿ ಮೈಲುತುತ್ತು, ಸುಣ್ಣ ಕಲಸುವಾಗ ಮನೆಯ ಲೈನಿಂದ ಒಂದು ಹೋಸ್ ಎಳೆದು ಡ್ರಮ್‌ನೊಳಗೆ ಮುಳುಗಿಸಿ ಇಟ್ಟಿರುತ್ತಾರೆ. ಆ ಹೊತ್ತಿಗೆ ಕೆಳಗೆಲ್ಲೋ ಲೈನ್ ಒಡೆದರೆ ಅಥವಾ ಟ್ಯಾಂಕ್ ಖಾಲಿಯಾದರೆ ಏನಾಗುತ್ತದೆ? ಪೈಪಿನಲ್ಲಿ ಎಳೆತ ಹುಟ್ಟಿ ಡ್ರಮ್‌ನಲ್ಲಿರುವುದು ಹಿಂದಕ್ಕೆ, ಕುಡಿಯುವ ನೀರಿನ ಲೈನಿಗೆ ಬರುತ್ತದೆ. ಇದನ್ನು ಬ್ಯಾಕ್‌ಫ್ಲೋ ಎನ್ನುತ್ತಾರೆ. ಆಸ್ಟ್ರೇಲಿಯಾ, ಕೆನಡಾದಲ್ಲಿ ಪ್ಲಂಬರ್ ಕಲಿಯುವ ಬಹುಮುಖ್ಯ ಪಾಠಗಳಲ್ಲಿ ಇದೂ ಒಂದು. ಹೋಸಿನ ತುದಿ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಹಿಂಹರಿವು ತಡೆಯುವ ಸಾಧನ ಕೂರಿಸಬೇಕು. ಯಾವ ಜಾಗಕ್ಕೆ ಯಾವ ಸಾಧನ ಎಂಬುದಕ್ಕೂ ಅಪಾಯದ ಮಟ್ಟ ನೋಡಿ ನಿಯಮ ಇದೆ.

ಲೈಸೆನ್ಸ್ ಅಂದರೆ ಜಾಣತನಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ, ಹೊಣೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 750 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಂಬಿಂಗ್ ಕೆಲಸ ಮಾಡಿದರೆ ಲೈಸೆನ್ಸ್ ಇರುವ ಪ್ಲಂಬರ್ ನಿಯಮದಂತೆ ಮಾಡಿದ್ದೇನೆ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಆ ಕೆಲಸಕ್ಕೆ 6 ವರ್ಷ ವಿಮೆಯ ರಕ್ಷಣೆ ಇರುತ್ತದೆ. ಆರು ವರ್ಷದೊಳಗೆ ಕೆಲಸದಲ್ಲಿ ದೋಷ ಕಂಡರೆ ಸಹಿ ಹಾಕಿದವನನ್ನೇ ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಸಹಿ ಹಾಕುವ ಹಕ್ಕನ್ನು ಅಷ್ಟು ಸುಲಭಕ್ಕೆ ಕೊಡುವುದಿಲ್ಲ.

ನಮಗೆ ಗೊತ್ತಿರುವುದು, ಗೊತ್ತಿಲ್ಲದ್ದು

ಕೊಡಗಿನ ಪ್ಲಂಬರ್‌ಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಎತ್ತರ ಮತ್ತು ಒತ್ತಡ. ಗುಡ್ಡದ ಮೇಲಿನ ಒರತೆಯಿಂದಲೋ ಟ್ಯಾಂಕಿನಿಂದಲೋ ಮನೆಗೆ ನೀರು ತಂದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. 10 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್ ಒತ್ತಡ, ಅಂದರೆ ಸುಮಾರು 100 ಕಿಲೊಪಾಸ್ಕಲ್. ಟ್ಯಾಂಕ್ 40 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ 4 ಬಾರ್. ತೋಟದ ಮನೆಗಳಲ್ಲಿ ಆಗಾಗ ನಲ್ಲಿ ಹಾರಿಹೋಗುವುದು, ಗೀಸರಿನ ವಾಲ್ವ್ ಸೋರುವುದು ಇದರಿಂದಲೇ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡಕ್ಕೂ ಅನ್ವಯಿಸುವ ಎಎಸ್/ಎನ್‌ಝಡ್‌ಎಸ್ 3500 ಎಂಬ ಮಾನದಂಡ, ಕಟ್ಟಡದೊಳಗಿನ ನಲ್ಲಿಯಲ್ಲಿ ಒತ್ತಡ 500 ಕಿಲೊಪಾಸ್ಕಲ್ ದಾಟಬಾರದು ಎನ್ನುತ್ತದೆ. ದಾಟಿದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕಬೇಕು. ನಮ್ಮವರು ಅನುಭವದಿಂದ ಮಾಡುವುದನ್ನೇ ಅಲ್ಲಿ ಸಂಖ್ಯೆಯಲ್ಲಿ ಬರೆದಿದ್ದಾರೆ.

ವಾಟವೂ, ಅಂದರೆ ಪೈಪಿಗೆ ಕೊಡುವ ಇಳಿಜಾರೂ, ಹಾಗೇ. ನಮ್ಮಲ್ಲಿ ಕಣ್ಣಳತೆಗೆ, ಇಲ್ಲವೇ ನೀರುಮಟ್ಟದ ಟ್ಯೂಬ್ ಹಿಡಿದು ವಾಟ ಕೊಡುತ್ತೇವೆ. ಅಲ್ಲಿ 100 ಮಿಲಿಮೀಟರ್ ಕೊಳಚೆ ಪೈಪಿಗೆ ಕನಿಷ್ಠ ವಾಟ ನೂರಕ್ಕೆ 1.65, ಅಂದರೆ 60 ಮೀಟರಿಗೆ 1 ಮೀಟರ್ ಇಳಿತ. ಇನ್ಸ್‌ಪೆಕ್ಟರ್ ಬಂದು ಅಳೆಯುತ್ತಾನೆ. ಅವನು ನೋಡುವ ಮುಂಚೆ ಗುಂಡಿ ಮುಚ್ಚಿದರೆ ಮತ್ತೆ ಅಗೆಯಬೇಕಾಗಬಹುದು.

ಬಿಸಿನೀರಿನ ವಿಷಯ ನಮಗೆ ಹೊಸದು. ಹಂಡೆ ಒಲೆ, ಸೋಲಾರ್, ಗೀಸರ್ ಯಾವುದಾದರೂ ನೀರು ಎಷ್ಟು ಬಿಸಿ ಇದೆ ಎಂದು ನಾವು ಕೈಯಿಟ್ಟು ನೋಡುತ್ತೇವೆ. ಆಸ್ಟ್ರೇಲಿಯಾದ ನಿಯಮದಲ್ಲಿ ಟ್ಯಾಂಕಿನಲ್ಲಿ ಶೇಖರಿಸುವ ನೀರು 60 ಡಿಗ್ರಿಗಿಂತ ಕಡಿಮೆ ಇರಬಾರದು. ಕಡಿಮೆಯಾದರೆ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದು ನ್ಯುಮೋನಿಯಾ ತರುತ್ತದೆ. ಅದೇ ನೀರು ಸ್ನಾನದ ನಲ್ಲಿಯಲ್ಲಿ 50 ಡಿಗ್ರಿ ದಾಟಬಾರದು. ಶಾಲೆ, ವೃದ್ಧಾಶ್ರಮದಲ್ಲಾದರೆ 45. ದಾಟಿದರೆ ಮಗುವಿನ, ಮುದುಕರ ಮೈ ಸುಡುತ್ತದೆ. ಎರಡೂ ಒಟ್ಟಿಗೆ ಆಗಬೇಕಾದರೆ ನಡುವೆ ತಣ್ಣೀರು ಬೆರೆಸುವ ವಾಲ್ವ್ ಬೇಕು. ತಾಂತ್ರಿಕ ಸಂದರ್ಶನದಲ್ಲಿ ಇಂಥದ್ದನ್ನೇ ಕೇಳುತ್ತಾರೆ. 60 ಎಂದು ಬಾಯಿಪಾಠ ಮಾಡಿದರೆ ಸಾಲದು, ಯಾಕೆ 60 ಎಂದು ಹೇಳಲು ಬರಬೇಕು.

ಸಾಮಾನೂ ಬೇರೆ. ನಮ್ಮ ಕೆಲಸ ಬಹುಪಾಲು ಸಿಪಿವಿಸಿ, ಯುಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳನ್ನು ಸಾಲ್ವೆಂಟ್ ಹಚ್ಚಿ ಅಂಟಿಸುವುದು. ಅಲ್ಲಿ ತಾಮ್ರದ ಪೈಪಿಗೆ ಬೆಂಕಿ ಹಿಡಿದು ಬೆಸುಗೆ ಹಾಕಬೇಕು, ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪಿಗೆ ಒತ್ತುವ ಉಪಕರಣ ಬಳಸಬೇಕು. ಆಸ್ಟ್ರೇಲಿಯಾದಲ್ಲಿ ಸಾಮಾನು ಪರೀಕ್ಷೆಯಾಗಿ ಒಪ್ಪಿಗೆ ಪಡೆದಿದೆ ಎಂದು ತೋರಿಸುವ ವಾಟರ್‌ಮಾರ್ಕ್ ಗುರುತಿಲ್ಲದ ಫಿಟ್ಟಿಂಗ್ ಕೂರಿಸುವಂತಿಲ್ಲ. ಕುಡಿಯುವ ನೀರಿನ ಹಿತ್ತಾಳೆ ಫಿಟ್ಟಿಂಗ್‌ಗಳಲ್ಲಿ ಸೀಸದ ಅಂಶವನ್ನು ಬಹುತೇಕ ಇಲ್ಲವಾಗಿಸುವ ನಿಯಮಕ್ಕೆ ಅಲ್ಲಿ ಇಟ್ಟ ಗಡುವು 2026ರ ಮೇ 1. ತಾಮ್ರದ ಬೆಸುಗೆ ಕಲಿಯಬೇಕೆಂದಿದ್ದರೆ ಎಸಿ ರಿಪೇರಿ ಮಾಡುವವರ ಜೊತೆ ಸ್ವಲ್ಪ ದಿನ ನಿಲ್ಲಿ. ಅವರ ಕೈಯಲ್ಲಿ ಆ ವಿದ್ಯೆ ಇದೆ.

ಆಸ್ಟ್ರೇಲಿಯಾದ ದಾರಿ

ದಾರಿ ಉದ್ದ. ಆದರೆ ಹೆಜ್ಜೆಗಳು ಸ್ಪಷ್ಟವಾಗಿವೆ, ಹಾಗಾಗಿ ಇದನ್ನೇ ಬಿಡಿಸಿ ಹೇಳುತ್ತೇನೆ.

ಅಲ್ಲಿ ಕಸುಬುಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ, ಟಿಆರ್‌ಎ. ಭಾರತದ ಪಾಸ್‌ಪೋರ್ಟ್ ಇರುವ ಪ್ಲಂಬರ್‌ಗಳು ಅದರ ಆಫ್‌ಶೋರ್ ಸ್ಕಿಲ್ಸ್ ಅಸೆಸ್‌ಮೆಂಟ್ ಯೋಜನೆಯಲ್ಲಿ ಬರುತ್ತಾರೆ. ಅರ್ಜಿ ಹಾಕುವುದು ಟಿಆರ್‌ಎ ಒಪ್ಪಿದ ವೆಟಸೆಸ್‌ನಂಥ ತರಬೇತಿ ಸಂಸ್ಥೆಗೆ. ಅವರು ಮೊದಲು ಕಾಗದಪತ್ರ ನೋಡುತ್ತಾರೆ. ಅದು ಒಪ್ಪಿಗೆಯಾದ ಮೇಲೆ ತಾಂತ್ರಿಕ ಸಂದರ್ಶನ ಅಥವಾ ಕೈಕೆಲಸದ ಪರೀಕ್ಷೆ. ಐಟಿಐ ಅಥವಾ ಅಪ್ರೆಂಟಿಸ್ ತರಬೇತಿ ಇಲ್ಲದೆ ಮೇಸ್ತ್ರಿ ಜೊತೆ ಕಲಿತವರೂ ಅರ್ಜಿ ಹಾಕಬಹುದು, ಆದರೆ ಅವರಿಂದ ಹೆಚ್ಚು ವರ್ಷದ ಅನುಭವ ಕೇಳುತ್ತಾರೆ.

ಪಾಸಾದ ಪ್ಲಂಬರ್‌ಗೆ ಸಿಗುವುದು ಆಫ್‌ಶೋರ್ ಟೆಕ್ನಿಕಲ್ ಸ್ಕಿಲ್ಸ್ ರೆಕಾರ್ಡ್ ಎಂಬ ಪತ್ರ. ಇದು ಲೈಸೆನ್ಸ್ ಅಲ್ಲ. ವಾಹನ ಕಲಿಯುವಾಗ ಎಲ್‌ಎಲ್‌ಆರ್ ತೆಗೆದುಕೊಳ್ಳುತ್ತೇವಲ್ಲ, ಇದರ ಬಲ ಅಷ್ಟೇ. ಇದನ್ನು ತೋರಿಸಿ ರಾಜ್ಯದ ಮಂಡಳಿಯಿಂದ ತಾತ್ಕಾಲಿಕ ಅನುಮತಿ ಪಡೆಯಬಹುದು. ಆಮೇಲೆ ಲೈಸೆನ್ಸ್ ಇರುವ ಪ್ಲಂಬರ್‌ನ ಕೈಕೆಳಗೆ ಕೆಲಸ ಮಾಡುತ್ತ, ಅಲ್ಲಿನ ನಿಯಮ, ಗ್ಯಾಸ್, ಸುರಕ್ಷತೆಯ ಬಗ್ಗೆ ಉಳಿದ ತರಬೇತಿ ಮುಗಿಸಬೇಕು. ಅದು ಮುಗಿದರೆ ಸರ್ಟಿಫಿಕೇಟ್ 3 ಎಂಬ ಅಲ್ಲಿನ ಪೂರ್ತಿ ಕಸುಬಿನ ಅರ್ಹತೆ ಸಿಗುತ್ತದೆ. ಲೈಸೆನ್ಸ್‌ಗೆ ಅರ್ಜಿ ಅದರ ನಂತರ.

ಲೈಸೆನ್ಸ್ ಕೊಡುವವರು ರಾಜ್ಯಕ್ಕೊಬ್ಬರು. ಕ್ವೀನ್ಸ್‌ಲೆಂಡ್‌ನಲ್ಲಿ ಕ್ಯುಬಿಸಿಸಿ ಎಂಬ ಕಟ್ಟಡ ಆಯೋಗ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಪ್ಲಂಬರ್ಸ್ ಲೈಸೆನ್ಸಿಂಗ್ ಬೋರ್ಡ್. ವಿಕ್ಟೋರಿಯಾದಲ್ಲಿ ಮೊದಲು ನೋಂದಣಿ, ನಂತರ ಲೈಸೆನ್ಸ್ ಎಂದು ಎರಡು ಮೆಟ್ಟಿಲು. ನೋಂದಣಿ ಆದವರು ಕೆಲಸ ಮಾಡಬಹುದು, ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಗ್ಯಾಸ್ ಕೆಲಸಕ್ಕೆ ಬೇರೆಯೇ ಅನುಮತಿ. ನೀರಿನ ಪೈಪ್ ಬಂದರೆ ಗ್ಯಾಸ್ ಪೈಪೂ ಬರುತ್ತದೆ ಎಂದು ಅಲ್ಲಿ ಯಾರೂ ಒಪ್ಪುವುದಿಲ್ಲ.

ವೀಸಾ ಕಡೆಗೆ ಬಂದರೆ ಎರಡು ಬಗೆ. ಕಂಪನಿಯೊಂದು ಕರೆಸಿಕೊಳ್ಳುವ 482 ವೀಸಾ 2024ರ ಡಿಸೆಂಬರ್‌ನಿಂದ ಸ್ಕಿಲ್ಸ್ ಇನ್ ಡಿಮಾಂಡ್ ಎಂಬ ಹೆಸರಿನಲ್ಲಿದೆ. ಅದಕ್ಕೆ ಕನಿಷ್ಠ 1 ವರ್ಷದ ಪೂರ್ಣಾವಧಿ ಅನುಭವ ಬೇಕು. ವಯಸ್ಸು, ಇಂಗ್ಲಿಷ್, ಅನುಭವ ಇಂಥವಕ್ಕೆ ಅಂಕ ಹಾಕಿ ಕೊಡುವ 189, 190, 491 ವೀಸಾಗಳಿಗೆ ವಯಸ್ಸು 45ಕ್ಕಿಂತ ಕಡಿಮೆ ಇರಬೇಕು, ಕನಿಷ್ಠ 65 ಅಂಕ ಬೇಕು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಬರಹ, ಕೇಳು, ಮಾತು ನಾಲ್ಕರಲ್ಲೂ ಕನಿಷ್ಠ 6 ಬರಬೇಕು. ನಮ್ಮ ಎಷ್ಟೋ ಹುಡುಗರು ನಿಲ್ಲುವುದು ಈ 6ರ ಮುಂದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಕನ್ನಡ, ಹಿಂದಿ ಎಂದು ನಾಲ್ಕೈದು ಭಾಷೆ ಸಲೀಸಾಗಿ ಆಡುವವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಮಾತು ಬಂದುಬಿಡುತ್ತದೆ. ಕಷ್ಟ ಇರುವುದು ಬರಹದಲ್ಲಿ. ಅದಕ್ಕೆ ಬೇಗ ಶುರು ಮಾಡಬೇಕು, ಟಿಕೆಟ್ ಮಾತು ಬಂದ ಮೇಲೆ ಅಲ್ಲ.

ಉಳಿದ ದೇಶಗಳು

ಕೆನಡಾದಲ್ಲಿ ಪ್ರತಿ ಪ್ರಾಂತ್ಯಕ್ಕೂ ಅದರದೇ ಕಾನೂನು. ಒಂಟಾರಿಯೊದಲ್ಲಿ ಪ್ಲಂಬಿಂಗ್ ಕಡ್ಡಾಯ ಪ್ರಮಾಣಪತ್ರದ ಕಸುಬು. ಅಲ್ಲಿ ಅಪ್ರೆಂಟಿಸ್ ತರಬೇತಿ 9,000 ಗಂಟೆ. ವಾರಕ್ಕೆ 40 ಗಂಟೆ ಲೆಕ್ಕ ಹಾಕಿದರೂ ನಾಲ್ಕೂವರೆ ವರ್ಷ ಹತ್ತಿರ ಆಗುತ್ತದೆ. ಹೊರಗಿನಿಂದ ಬಂದವರು ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೊ ಸಂಸ್ಥೆಗೆ ಅನುಭವದ ದಾಖಲೆ ಕೊಟ್ಟು, ಅದು ಆ ಗಂಟೆಗಳಿಗೆ ಸಮ ಎಂದು ಒಪ್ಪಿಸಿದರೆ ನೇರ ಪರೀಕ್ಷೆ ಬರೆಯಬಹುದು. ಪಾಸಾಗಲು ನೂರಕ್ಕೆ 70. ರೆಡ್ ಸೀಲ್ ಮುದ್ರೆ ಸಿಕ್ಕಿದರೆ ಬೇರೆ ಪ್ರಾಂತ್ಯಗಳಲ್ಲೂ ನಡೆಯುತ್ತದೆ. ತೊಡಕು ಏನೆಂದರೆ, ಆ ಪರೀಕ್ಷೆಯನ್ನು ಕೆನಡಾಕ್ಕೆ ಹೋಗಿಯೇ ಬರೆಯಬೇಕು. ಕೆನಡಾದ ಕೇಂದ್ರ ಸರ್ಕಾರದ ಕುಶಲ ಕಸುಬಿನ ವಲಸೆ ಯೋಜನೆಯಲ್ಲಿ ಕಳೆದ 5 ವರ್ಷದಲ್ಲಿ 2 ವರ್ಷದ ಅನುಭವ ಬೇಕು, ಜೊತೆಗೆ ಪ್ರಾಂತ್ಯದ ಪ್ರಮಾಣಪತ್ರ ಅಥವಾ ಕೆಲಸದ ಭರವಸೆ ಪತ್ರ ಇರಬೇಕು. ಪ್ರಮಾಣಪತ್ರಕ್ಕೆ ಅಲ್ಲಿಗೆ ಹೋಗಬೇಕು, ಹೋಗಲು ಪ್ರಮಾಣಪತ್ರ ಕೇಳುತ್ತಾರೆ. ಹಾಗಾಗಿ ಹೆಚ್ಚಿನವರಿಗೆ ಕೆಲಸ ಕೊಡುವ ಕಂಪನಿ ಸಿಗದೆ ಈ ದಾರಿ ತೆರೆಯುವುದಿಲ್ಲ. ಚಳಿಯ ವಿಷಯವೂ ಇದೆ. ಮಡಿಕೇರಿಯ ಚಳಿಗೆ ಒಗ್ಗಿದವರಿಗೂ ಅಲ್ಲಿನದು ಬೇರೆ ಲೋಕ. ನೆಲ ಆಳದವರೆಗೆ ಹೆಪ್ಪುಗಟ್ಟುವುದರಿಂದ ನೀರಿನ ಪೈಪನ್ನು ಅದಕ್ಕಿಂತಲೂ ಕೆಳಗೆ ಹೂಳಬೇಕು.

ಜರ್ಮನಿಗೆ ಕೆಲಸಗಾರರು ಬೇಕು ಎಂಬ ಸುದ್ದಿ ಸುಳ್ಳಲ್ಲ. ಆದರೆ ಪ್ಲಂಬರ್‌ಗಳು ಗಮನಿಸದ ಒಂದು ತೊಡಕಿದೆ. ಅಲ್ಲಿ ಈ ಕಸುಬಿನ ತರಬೇತಿ ಮೂರೂವರೆ ವರ್ಷ, ನೀರು, ಹೀಟಿಂಗ್, ಹವಾನಿಯಂತ್ರಣ ಎಲ್ಲ ಸೇರಿ. 2024ರ ಮಾರ್ಚ್‌ನಿಂದ ಬಂದಿರುವ ಹೊಸ ದಾರಿಯಲ್ಲಿ ಅಲ್ಲಿಗೆ ಹೋಗಿ ಕೆಲಸ ಮಾಡುತ್ತಲೇ ಮಾನ್ಯತೆ ಪಡೆಯಬಹುದು. ಅದಕ್ಕೆ ತಾಯ್ನಾಡಿನಲ್ಲಿ ಕನಿಷ್ಠ 2 ವರ್ಷದ ತರಬೇತಿ ಆಗಿರಬೇಕು, ಜರ್ಮನ್ ಭಾಷೆ ಎ2 ಮಟ್ಟಕ್ಕೆ, ಅಂದರೆ ದಿನನಿತ್ಯದ ಸರಳ ಮಾತಿನಷ್ಟು, ಬರಬೇಕು. ನಮ್ಮ ಐಟಿಐಯ ಪ್ಲಂಬರ್ ಟ್ರೇಡ್ 1 ವರ್ಷದ್ದು. "ಐಟಿಐ ಇದ್ದರೆ ಜರ್ಮನಿ ಗ್ಯಾರಂಟಿ" ಎನ್ನುವವರನ್ನು ಈ ಒಂದು ಪ್ರಶ್ನೆ ಕೇಳಿ: ಯಾವ ಟ್ರೇಡ್‌ಗೆ, ಎಷ್ಟು ವರ್ಷದ್ದಕ್ಕೆ?

ಬ್ರಿಟನ್‌ನಲ್ಲಿ ನೀರಿನ ಪ್ಲಂಬಿಂಗ್‌ಗೆ ದೇಶಕ್ಕೆಲ್ಲ ಒಂದೇ ಕಡ್ಡಾಯ ಲೈಸೆನ್ಸ್ ಇಲ್ಲ. ಗ್ಯಾಸ್ ಬಾಯ್ಲರ್ ಮುಟ್ಟಬೇಕಾದರೆ ಮಾತ್ರ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರಲೇಬೇಕು, ಮತ್ತು ಅಲ್ಲಿ ಬಾಯ್ಲರ್ ಇಲ್ಲದ ಮನೆ ಕಡಿಮೆ. 2025ರ ಜುಲೈನಿಂದ ಅವರ ಕೆಲಸದ ವೀಸಾವನ್ನು ಪದವಿ ಮಟ್ಟದ ಕೆಲಸಗಳಿಗೆ ಏರಿಸಿದ್ದಾರೆ. ಕಸುಬುಗಳಿಗೆ ಉಳಿದಿರುವುದು ತಾತ್ಕಾಲಿಕ ಪಟ್ಟಿಗಳು.

ಗಲ್ಫ್ ಕಥೆಯೇ ಬೇರೆ. ಅಲ್ಲಿ ಸಾಮಾನ್ಯವಾಗಿ ಕಂಪನಿಗೆ ಲೈಸೆನ್ಸ್ ಇರುತ್ತದೆ, ಕೆಲಸಗಾರ ಅದರ ಕೆಳಗೆ ದುಡಿಯುತ್ತಾನೆ. ಸೌದಿ ಅರೇಬಿಯಾ ಮಾತ್ರ ಪ್ಲಂಬರ್ ಸೇರಿ ಕೆಲವು ಕಸುಬುಗಳಿಗೆ ಭಾರತದಲ್ಲೇ ಕೌಶಲ ಪರೀಕ್ಷೆ ಮಾಡಿ ನಂತರ ವೀಸಾ ಕೊಡುತ್ತದೆ. ಗಲ್ಫ್ ದೇಶಗಳ ವೈದ್ಯಕೀಯ ತಪಾಸಣೆ ವಾಫಿದ್ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಬೇಗ ಹೋಗಬಹುದು, ಇಂಗ್ಲಿಷ್ ಪರೀಕ್ಷೆ ಇಲ್ಲ. ನೆಲೆ ನಿಲ್ಲುವುದಕ್ಕಾಗುವುದಿಲ್ಲ, ಅಷ್ಟೇ. ಒಂದು ಮಾತು: ಗಲ್ಫ್‌ನ ದೊಡ್ಡ ಕಟ್ಟಡಗಳಲ್ಲಿ ಮಾಡಿದ ಕೆಲಸ ಮುಂದೆ ಆಸ್ಟ್ರೇಲಿಯಾದ ಅರ್ಜಿಗೂ ಅನುಭವವಾಗಿ ಬರುತ್ತದೆ. ಅಲ್ಲಿಂದ ಬರುವಾಗ ಅನುಭವ ಪತ್ರ, ಸಂಬಳದ ಚೀಟಿ ತರದೆ ಬರಬೇಡಿ.

ಕಾಗದ ಎಲ್ಲಿಂದ ತರುವುದು?

ನನ್ನ ಪ್ರಕಾರ ಕೊಡಗಿನ ಪ್ಲಂಬರ್‌ಗೆ ದೊಡ್ಡ ಕೊರತೆ ಕೆಲಸದ್ದಲ್ಲ, ದಾಖಲೆಯದ್ದು. ಹತ್ತು ವರ್ಷ ಮನೆ, ರೆಸಾರ್ಟ್, ತೋಟದ ಕೆಲಸಗಾರರ ಲೈನ್ ಮನೆ ಎಲ್ಲ ಕಡೆ ಪೈಪ್ ಎಳೆದವನ ಹತ್ತಿರ ಒಂದು ಚೀಟಿ ಇರುವುದಿಲ್ಲ. ಕೂಲಿ ಶನಿವಾರ ಕೈಗೆ ಬರುತ್ತದೆ, ಭಾನುವಾರ ಸಂತೆಯಲ್ಲಿ ಖರ್ಚಾಗುತ್ತದೆ. ಪರಿಶೀಲಿಸುವ ಅಧಿಕಾರಿಗೆ ಮೆಲ್ಬೋರ್ನ್‌ನಲ್ಲಿ ಕೂತು ಇದೆಲ್ಲ ಹೇಗೆ ಗೊತ್ತಾಗಬೇಕು?

ಅವರು ಕೇಳುವ ಅನುಭವ ಪತ್ರದಲ್ಲಿ ಕೆಲಸ ಶುರುವಾದ ದಿನ, ಬಿಟ್ಟ ದಿನ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಎಂದು ಬರೆದಿರಬೇಕು. ಬರೆದವರ ಸಹಿ, ಫೋನ್ ನಂಬರ್ ಇರಬೇಕು. ಅವರಿಗೆ ಫೋನ್ ಮಾಡಿ ಕೇಳುತ್ತಾರೆ ಎಂದೇ ಇಟ್ಟುಕೊಳ್ಳಿ. "ಒಳ್ಳೆಯ ಹುಡುಗ, ನಿಷ್ಠೆಯಿಂದ ಕೆಲಸ ಮಾಡಿದ್ದಾನೆ" ಎಂಬ ಪತ್ರದಿಂದ ಏನೂ ಆಗುವುದಿಲ್ಲ. ಬಿಸಿನೀರಿನ ಲೈನ್ ಎಳೆದಿದ್ದಾನೆ, ಕೊಳಚೆ ಪೈಪ್, ವೆಂಟ್, ಚೇಂಬರ್ ಕಟ್ಟಿಸಿದ್ದಾನೆ, ಪ್ರೆಶರ್ ಟೆಸ್ಟ್ ಮಾಡಿದ್ದಾನೆ ಎಂದು ಕೆಲಸದ ಹೆಸರು ಹಿಡಿದು ಬರೆಸಿ.

ನಮ್ಮ ಕಡೆ ಇನ್ನೆರಡು ತೊಂದರೆ ಇವೆ. ಒಂದು, ಇಲ್ಲಿ ಒಬ್ಬನೇ ವೈರಿಂಗೂ ಮಾಡುತ್ತಾನೆ, ಪ್ಲಂಬಿಂಗೂ ಮಾಡುತ್ತಾನೆ, ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ತೋಟದ ಸ್ಪ್ರಿಂಕ್ಲರ್ ಪೈಪೂ ಜೋಡಿಸುತ್ತಾನೆ. ಸ್ಪ್ರಿಂಕ್ಲರ್, ಪಂಪ್ ರಿಪೇರಿ ಅಲ್ಲಿ ಪ್ಲಂಬಿಂಗ್ ಲೆಕ್ಕಕ್ಕೆ ಬರುವುದು ಕಷ್ಟ. ಪತ್ರದಲ್ಲಿ ಮನೆ, ಕಟ್ಟಡದ ನೀರು ಮತ್ತು ಕೊಳಚೆ ಕೆಲಸ ಎಷ್ಟು ಎಂಬುದು ಬೇರೆಯಾಗಿ ಕಾಣಬೇಕು. ಎರಡು, ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಕಟ್ಟಡದ ಕೆಲಸ ಕುಂಟುತ್ತದೆ. ಅವರು ಎಣಿಸುವುದು ಪೂರ್ಣಾವಧಿ ಕೆಲಸವನ್ನು. ಖಾಲಿ ಇದ್ದ ತಿಂಗಳುಗಳನ್ನು ಸೇರಿಸಿ ಸುಳ್ಳು ಬರೆಸಬೇಡಿ. ಸಂದರ್ಶನದಲ್ಲಿ ತಡವರಿಸಿದರೆ ನಿಜ ಹೇಳಿದ್ದನ್ನೂ ನಂಬುವುದಿಲ್ಲ, ಸುಳ್ಳು ದಾಖಲೆ ಸಿಕ್ಕಿಬಿದ್ದರೆ ವೀಸಾ ಬಾಗಿಲು ವರ್ಷಗಟ್ಟಲೆ ಮುಚ್ಚುತ್ತದೆ.

ಸ್ವಂತ ಕೆಲಸ ಮಾಡುವವರು ಇವತ್ತೇ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕ ಇಲ್ಲ. ಬಿಲ್ ಪುಸ್ತಕ ಮಾಡಿಸಿ. ಕೂಲಿಯನ್ನು ಯುಪಿಐಯಲ್ಲಿ ತೆಗೆದುಕೊಂಡರೆ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ. ಆದಾಯ ತೆರಿಗೆ ರಿಟರ್ನ್ ಹಾಕಿ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ಹಾಕಬಹುದು. ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳಲ್ಲಿ ನಿಮ್ಮ ಹೆಸರು ಬರೆಸಿ. ಪೈಪ್ ಗೋಡೆಯೊಳಗೆ ಮುಚ್ಚಿಹೋಗುವ ಮುಂಚೆ ಫೋಟೊ ತೆಗೆಯಿರಿ, ನೀವೂ ಅದರಲ್ಲಿ ಕಾಣುವ ಹಾಗೆ. ಐಟಿಐ ಮಾಡದವರಿಗೆ ಕೆಲಸದಲ್ಲಿ ಕಲಿತದ್ದನ್ನೇ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ವ್ಯವಸ್ಥೆ ಇದೆ. ಅದೊಂದರಿಂದಲೇ ಹೊರದೇಶದವರು ಒಪ್ಪುವುದಿಲ್ಲ, ಆದರೂ ಕಡತಕ್ಕೆ ಒಂದು ಬಲ.

ಹೆಸರಿನ ಗೊಂದಲವನ್ನೂ ಮೊದಲೇ ಸರಿಮಾಡಿಕೊಳ್ಳಿ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅದು ಇನಿಷಿಯಲ್ ಆಗಿರುತ್ತದೆ, ಆಧಾರ್‌ನಲ್ಲಿ ಕೊನೆಗೆ ಹೋಗಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ರೀತಿ. ಮೂರು ಕಡೆ ಮೂರು ಹೆಸರಿದ್ದರೆ ಅಲ್ಲಿನ ಗುಮಾಸ್ತನಿಗೆ ಮೂರು ಜನ. ಪಾಸ್‌ಪೋರ್ಟ್‌ಗೆ ಹೋಗುವ ಮುಂಚೆಯೇ ಇದನ್ನು ಒಂದೇ ಮಾಡಿ. ಸರ್ಟಿಫಿಕೇಟ್‌ಗಳಿಗೆ, ಅವು ಅಸಲಿ ಎಂದು ಹೊರದೇಶಕ್ಕೆ ತೋರಿಸುವ ಅಪಾಸ್ಟಿಲ್ ಮುದ್ರೆ ಕೇಳಿದರೆ ಅದನ್ನು ಹಾಕುವುದು ನಮ್ಮ ವಿದೇಶಾಂಗ ಸಚಿವಾಲಯ.

ಏಜೆಂಟರ ಬಗ್ಗೆ

10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಇಸಿಆರ್ ಗುರುತು ಇರುತ್ತದೆ. ಅಂಥವರು ಗಲ್ಫ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ ಪಡೆಯಬೇಕು. ಬೆಂಗಳೂರಿನಲ್ಲಿ ಆ ಕಚೇರಿ ಇದೆ. ಈ ಅನುಮತಿ ತಪ್ಪಿಸಲು "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಎಂದು ಹೇಳುವವರು ಇದ್ದಾರೆ. ಹಾಗೆ ಹೋದವನಿಗೆ ಸಂಬಳ ಕೊಡದಿದ್ದರೂ ಕೇಳುವ ಹಕ್ಕೇ ಇರುವುದಿಲ್ಲ. ಅನುಮತಿ ಪಡೆದು ಹೋದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಸಿಗುತ್ತದೆ. 2 ವರ್ಷಕ್ಕೆ 275 ರೂಪಾಯಿ ಕಂತು, 10 ಲಕ್ಷ ರೂಪಾಯಿಯ ಅಪಘಾತ ವಿಮೆ.

1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ನಂಬರ್ ಹಾಕಿ ನೋಡಬಹುದು. ಅವನು ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ನೂರಕ್ಕೆ 18 ಜಿಎಸ್‌ಟಿ. ಒಟ್ಟು 35,400. ಲಕ್ಷಗಟ್ಟಲೆ ಕೇಳಿದರೆ, ತೋಟ ಅಡ ಇಡುವ ಮುಂಚೆ, ಯಾವ ಲೆಕ್ಕಕ್ಕೆ ಎಂದು ರಸೀದಿ ಸಮೇತ ಕೇಳಿ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಬೆಂಗಳೂರಿನಲ್ಲಿದೆ. ಖಾಸಗಿಯವರ ಬಳಿ ಹೋಗುವ ಮುಂಚೆ ಅಲ್ಲಿ ವಿಚಾರಿಸುವುದು ಒಳ್ಳೆಯದು.

ವಲಸೆ ಸಲಹೆ ಕೊಡುವವರು ಬೇರೆ. ಕೆಲಸ ಕೊಡಿಸುವವರಿಗೂ ಅವರಿಗೂ ಸಂಬಂಧ ಇಲ್ಲ. ಆಸ್ಟ್ರೇಲಿಯಾದಲ್ಲಿ ಕುಳಿತು ಸಲಹೆ ಕೊಡುವ ಏಜೆಂಟರ ನೋಂದಣಿ ಪಟ್ಟಿಯನ್ನು ಮಾರಾ ಎಂಬ ಕಚೇರಿ ಇಡುತ್ತದೆ. ಕೆನಡಾದ ಸಲಹೆಗಾರರಿಗೂ ಅಂಥದೇ ಪಟ್ಟಿ ಇದೆ. ಎರಡನ್ನೂ ಯಾರು ಬೇಕಾದರೂ ಮೊಬೈಲ್‌ನಲ್ಲೇ ನೋಡಬಹುದು. ದುಡ್ಡು ಕೊಡುವ ಮುಂಚೆ ಮೂರು ವಿಷಯ ಬರಹದಲ್ಲಿ ಕೇಳಿ: ಯಾವ ವೀಸಾ, ಅದರ ಸಂಖ್ಯೆ ಏನು? ನನ್ನ ಕೌಶಲ ಪರಿಶೀಲಿಸುವವರು ಯಾರು? ಅಲ್ಲಿ ಹೋದ ಮೇಲೆ ಯಾವ ರಾಜ್ಯದ ಲೈಸೆನ್ಸ್, ಅದು ಬರುವವರೆಗೆ ಯಾರ ಕೈಕೆಳಗೆ ಕೆಲಸ, ಯಾವ ಸಂಬಳಕ್ಕೆ? ಮೂರನೆಯ ಪ್ರಶ್ನೆಗೆ ಉತ್ತರ ಬರೆದುಕೊಡದವರಿಗೆ ಮುಂಗಡ ಕೊಡಬೇಡಿ.